ನಾನು ಉಳಿಯುವುದಿಲ್ಲವೆಂದು ಒಪ್ಪಿಕೊಂಡವರು

ನನ್ನ ಎಡಗಣ್ಣಿನ ರೆಪ್ಪೆ ಇಳಿಯುವುದನ್ನು ಮೊದಲು ಕಂಡವರು ನನ್ನ ಅತ್ತೆ. ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದೆವು. ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು.

"ಕೂತಲ್ಲೇ ನಿದ್ದಿ ಮಾಡಾಕತ್ತೀಯೇನವಾ?"

ನನಗೆ ನಿದ್ದೆ ಬಂದಿರಲಿಲ್ಲ. ಹಾಗೆಂದು ಹೇಳಿದೆ. ಅತ್ತೆ ನಂಬಲಿಲ್ಲ. ಅಂದಿನಿಂದ ಸುಮಾರು ಒಂದು ವರ್ಷ ಆ ಮನೆಯಲ್ಲಿ ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ.

ಬೆಳಗ್ಗೆ ಎದ್ದಾಗ ನಾನು ಎಲ್ಲರ ಹಾಗೆಯೇ ಇರುತ್ತಿದ್ದೆ. ನೀರು ತರುತ್ತಿದ್ದೆ, ಹತ್ತು ರೊಟ್ಟಿ ಬಡಿಯುತ್ತಿದ್ದೆ, ಮೂರು ವರ್ಷದ ಮಗಳು ಗಿರಿಜೆಯನ್ನು ಎತ್ತಿ ಟೊಂಕದ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಹೊತ್ತು ಏರಿದಂತೆ ಮೈ ಇಳಿಯುತ್ತಿತ್ತು. ಸಂಜೆ ಹಿಟ್ಟು ನಾದಿ ಕೂತರೆ ಎರಡನೆಯ ರೊಟ್ಟಿಗೇ ಕೈ ಸೋತು ಕೆಳಗೆ ಬೀಳುತ್ತಿತ್ತು. ಉಣ್ಣುವಾಗ ನಾಲ್ಕು ತುತ್ತು ಅಗಿದ ಮೇಲೆ ದವಡೆ ಮುಂದಕ್ಕೆ ಹೋಗುತ್ತಿರಲಿಲ್ಲ. ಗದ್ದದ ಕೆಳಗೆ ಕೈಯಿಟ್ಟು ಮೇಲಕ್ಕೆ ಒತ್ತಿ ಒತ್ತಿ ಅಗಿಯುತ್ತಿದ್ದೆ. ಕುಡಿದ ನೀರು ಮೂಗಿನಿಂದ ಬರತೊಡಗಿತು. ಮಾತು ಶುರು ಮಾಡಿದಾಗ ನನ್ನದೇ ದನಿ, ಮುಗಿಸುವಾಗ ಯಾರದೋ ಮೂಗಿನ ದನಿ.

"ಮುಂಜಾನಿ ಗಟ್ಟಿ, ಸಂಜಿಗಿ ನಾಟಕ," ಎಂದು ಅತ್ತೆ ಓಣಿಯ ಹೆಂಗಸರಿಗೆ ಹೇಳುತ್ತಿದ್ದರು. ಅವರ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಬೆಳಗ್ಗೆ ಇರುವ ಬೇನೆ ಸಂಜೆಗೂ ಇರುತ್ತದೆ, ಅವರು ಕಂಡದ್ದು ಅಂಥ ಬೇನೆಗಳನ್ನೇ.

ನನ್ನ ಗಂಡ ವೀರಭದ್ರಪ್ಪನವರಿಗೆ ಸಿಂಧನೂರಿನ ಬಜಾರಿನಲ್ಲಿ ಬಟ್ಟೆ ಅಂಗಡಿ ಇತ್ತು. ಅವರು ಕೆಟ್ಟ ಮನುಷ್ಯರಲ್ಲ. ಬಂಡಿ ಕಟ್ಟಿಸಿ ಮೂರು ಸಲ ನನ್ನನ್ನು ಲಿಂಗಸುಗೂರಿನ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಹಿಂದಿನ ದಿನವೇ ಹೊರಟು, ರಾತ್ರಿ ಮಸ್ಕಿಯಲ್ಲಿ ಉಳಿದು, ಬೆಳಗ್ಗೆ ದವಾಖಾನೆ ತೆರೆಯುವ ಹೊತ್ತಿಗೆ ಮುಟ್ಟುತ್ತಿದ್ದೆವು. ಅಲ್ಲಿ ಬೇವಿನ ಗಿಡದ ಕೆಳಗೆ, ಗೋಡೆಗೆ ಹತ್ತಿ, ಒಂದು ಉದ್ದನೆಯ ಬಾಕು. ಸರದಿ ಬರುವತನಕ ನಾನು ಅದರ ಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂರುತ್ತಿದ್ದೆ. ಹಾಗೆ ಕೂತರೆ ಮೈ ತಿರುಗಿ ಗಟ್ಟಿಯಾಗುತ್ತದೆಂಬುದು ನನಗಾಗಲಿ ಅವರಿಗಾಗಲಿ ಗೊತ್ತಿರಲಿಲ್ಲ. ಒಳಗೆ ಕರೆದಾಗ ನನ್ನ ಎರಡೂ ಕಣ್ಣು ಪೂರ್ತಿ ತೆರೆದಿರುತ್ತಿದ್ದವು. ಡಾಕ್ಟರು ಕೈ ಚಾಚಲು ಹೇಳಿದರೆ ಚಾಚುತ್ತಿದ್ದೆ, ಮುಷ್ಟಿ ಹಿಡಿಯಲು ಹೇಳಿದರೆ ಹಿಡಿಯುತ್ತಿದ್ದೆ. ಮೂರನೆಯ ಸಲ ಡಾಕ್ಟರು ನನ್ನ ಗಂಡನ ಕಡೆ ತಿರುಗಿ, "ಮನಸ್ಸಿನ ಬೇನೆ. ತವರಿಗೆ ಕಳಿಸಿ, ಸರಿ ಹೋಗ್ತಾಳೆ," ಎಂದರು.

ಅಂದೇ ಬಂಡಿಯಲ್ಲಿ ಮರಳಿ ಹೊರಟೆವು. ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ನನ್ನ ರೆಪ್ಪೆ ಬಿತ್ತು, ಕುತ್ತಿಗೆ ವಾಲಿತು. ನಾನು ಅವರ ತೋಳು ಹಿಡಿದು ಹೇಳಿದೆ: "ಈಗ ನೋಡ್ರೀ. ಇಲ್ನೋಡ್ರಿ ನನ್ನ ಕಣ್ಣು."

ಅವರು ನೋಡಿದರು. "ನೋಡಿ ಏನ್ ಮಾಡ್ಲಿ? ಡಾಕ್ಟರ ಮುಂದ ಯಾಕ ಬೀಳಲಿಲ್ಲ ಅದು?"

ಉಳಿದವರ ಮಾತು ಆಮೇಲೆ ಬರುತ್ತದೆ. ನನಗೆ ಮೊದಲು ಮೋಸ ಮಾಡಿದ್ದು ನನ್ನ ಮೈಯೇ. ಸೋಲಬಾರದ ಕಡೆ ಸೋತಿತು, ಸೋತು ತೋರಿಸಬೇಕಾದ ಕಡೆ ಗಟ್ಟಿಯಾಗಿ ನಿಂತು ನನ್ನನ್ನು ಸುಳ್ಳಿ ಮಾಡಿತು.

ನನ್ನನ್ನು ನಂಬಿದವನು ಒಬ್ಬನೇ, ನನ್ನ ಅಣ್ಣ ಚನ್ನಬಸಪ್ಪ. ನಮ್ಮ ತವರು ಮಸ್ಕಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಹಾಕಿ, ಅಣ್ಣ ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ನನಗೆ ಕನ್ನಡ ಓದು ಬರಹ ಕಲಿಸಿದ್ದು ಅವನೇ, ಹೈದರಾಬಾದ್ ಸಂಸ್ಥಾನದ ಕಚೇರಿಯ ಉರ್ದು ಮಾತು ಕಿವಿಗೆ ಹಾಕಿದ್ದೂ ಅವನೇ. ಅವನ ಮನೆಯಲ್ಲಿ ಅತ್ತಿಗೆ, ಮತ್ತು ತಾಯಿ ತಂದೆ ಇಲ್ಲದ ಅತ್ತಿಗೆಯ ತಂಗಿ ಶಿವಗಂಗಿ. ಶಿವಗಂಗಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಗಂಡು ಸಿಗದೆ ಅತ್ತಿಗೆ ಚಿಂತೆಯಲ್ಲಿದ್ದಳು.

ಡಾಕ್ಟರ ಮಾತಿನಂತೆ ನನ್ನನ್ನು ಅಣ್ಣನ ಮನೆಗೆ ಕಳಿಸಿದರು. ಗಿರಿಜೆಯನ್ನು ಅತ್ತೆ ಬಿಡಲಿಲ್ಲ. ಮೊದಲ ಸಂಜೆಯೇ ಉಣ್ಣುತ್ತಿದ್ದಾಗ ತುತ್ತು ಗಂಟಲಲ್ಲಿ ನಿಂತುಬಿಟ್ಟಿತು. ಒಳಗೂ ಹೋಗದು, ಹೊರಗೂ ಬರದು. ಅಣ್ಣ ತನ್ನ ತಾಟು ಸರಿಸಿ ಬಂದು, ಬಾಯಲ್ಲಿ ಬೆರಳು ಹಾಕಿ ತುತ್ತು ತೆಗೆದ. ಆಮೇಲೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

"ಇದು ದಿನಾ ಹಿಂಗ ಆಗ್ತೈತೇನು?"

"ಹೂಂ. ಮುಂಜಾನಿ ಇರಂಗಿಲ್ಲ."

"ಹಂಗಾರ ಮುಂಜಾನಿ ಡಾಕ್ಟರ ಹತ್ರ ಹೋಗಿದ್ದ ತಪ್ಪು. ನಾಳಿ ಸಂಜಿಗಿ ಹೋಗೂಣು."

ಮರುದಿನ ಸಂಜೆ ದವಾಖಾನೆಗೆ ಹೋಗುವ ಮೊದಲು ಅವನು ನನ್ನನ್ನು ಊರು ಒಂದು ಸುತ್ತು ನಡೆಸಿದ. ಬಾಕಿನ ಮೇಲೆ ಕೂರಲೂ ಬಿಡಲಿಲ್ಲ. "ನಿಂತೇ ಇರು ತಂಗಿ, ಕಣ್ ಮುಚ್ಚಬ್ಯಾಡ," ಎಂದ. ಅದೇ ಡಾಕ್ಟರು ಅಂದು ನನ್ನನ್ನು ಕಂಡು ಕುರ್ಚಿಯಿಂದ ಎದ್ದರು. ಅಲ್ಲೇ ಕೂತು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಣ್ಣ ರಜೆ ಹಾಕಿ, ರಾಯಚೂರಿನತನಕ ಮೋಟಾರಿನಲ್ಲಿ, ಅಲ್ಲಿಂದ ರೈಲಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನನ್ನ ತಲೆ ಅವನ ಹೆಗಲ ಮೇಲಿತ್ತು.

ಹೈದರಾಬಾದಿನಲ್ಲಿ ವಿಲಾಯತಿಯಲ್ಲಿ ಓದಿ ಬಂದಿದ್ದ ಒಬ್ಬ ಡಾಕ್ಟರು ನನ್ನ ತೋಳಿಗೆ ಒಂದು ಸೂಜಿ ಚುಚ್ಚಿ, ಕೈಗಡಿಯಾರ ನೋಡುತ್ತ ನಿಂತರು. ಎರಡು ರೊಟ್ಟಿ ಬೇಯುವಷ್ಟು ಹೊತ್ತಿನಲ್ಲಿ ನನ್ನ ರೆಪ್ಪೆಗಳು ತಾವಾಗಿಯೇ ಮೇಲೆದ್ದವು. ತಿಂಗಳುಗಟ್ಟಲೆ ಗದ್ದ ಮೇಲೆತ್ತಿ ನೋಡುತ್ತಿದ್ದವಳು ನೆಟ್ಟಗೆ ನೋಡಿದೆ. ಎದುರಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅಣ್ಣನನ್ನು ಕರೆದೆ, ದನಿ ನನ್ನದೇ ಆಗಿತ್ತು. ಅವನು ಮುಖ ಮುಚ್ಚಿಕೊಂಡು ಅತ್ತ. ನಾನು ಸುಳ್ಳಿಯಲ್ಲ ಎಂದು ಮೊದಲ ಬಾರಿಗೆ ನಾಲ್ಕು ಜನರೆದುರು ಸಾಬೀತಾಯಿತು. ಬೇನೆ ಗುರುತಾದದ್ದಕ್ಕೆ ಯಾರಾದರೂ ಸಂತೋಷಪಡುತ್ತಾರೆಯೇ? ನಾನು ಪಟ್ಟೆ.

ಸೂಜಿಯ ಗುಣ ಸ್ವಲ್ಪ ಹೊತ್ತಿನದು. ಆಮೇಲೆ ಎದೆಯ ಫೋಟೋ ತೆಗೆದರು. ಎದೆಯೆಲುಬಿನ ಹಿಂದೆ ಒಂದು ಗಂಟು ಬೆಳೆದಿದೆ, ತೆಗೆಯಬೇಕು ಎಂದರು. ಡಾಕ್ಟರು ಅಣ್ಣನನ್ನು ವರಾಂಡಕ್ಕೆ ಕರೆದು ಬಹಳ ಹೊತ್ತು ಮಾತಾಡಿದರು. ಒಳಗೆ ಬಂದ ಅಣ್ಣ ನನ್ನ ಕಾಲಿನ ಮೇಲಿದ್ದ ಹೊದಿಕೆ ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ಏನಂದ್ರು?"

"ಚೊಲೋ ಆಗ್ತೈತಿ ಅಂದ್ರು. ನೀ ಹೆದರಬ್ಯಾಡ."

ನನ್ನ ಪಕ್ಕದ ಮಂಚದಲ್ಲಿದ್ದವಳು ಖಾಜಾಬಿ, ಲಿಂಗಸುಗೂರಿನ ಕಡೆಯವಳೇ. ಅವಳ ಎದೆಯಲ್ಲೂ ಅಂಥದೇ ಗಂಟು. ಆದರೆ ಅವಳ ಕಣ್ಣು ಬಿದ್ದಿರಲಿಲ್ಲ, ಕೈ ಸೋತಿರಲಿಲ್ಲ. ಕೆಮ್ಮು, ಸ್ವಲ್ಪ ಮುಖದ ಬಾವು, ಅಷ್ಟೇ. ತುಂಬಿದ ಬಕೀಟು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ನನ್ನ ಕೈ ತಲೆಯತನಕ ಏರುತ್ತಿರಲಿಲ್ಲವಾದ್ದರಿಂದ ದಿನಾ ಬಂದು ನನ್ನ ತಲೆ ಬಾಚಿ ಹೆಣೆಯುತ್ತಿದ್ದಳು. ಬಾಚುತ್ತ ಒಂದು ದಿನ ಹೇಳಿದಳು:

"ಸಿಟ್ಟಾಗಬ್ಯಾಡ ತಂಗಿ, ಒಂದ್ ಮಾತ್ ಹೇಳ್ತೀನಿ. ನಿನ್ನಂಥಾಕಿ ಆಪರೇಶನ್ ಆದ್ಮ್ಯಾಗ ಉಸುರು ಎಳ್ಕೊಳ್ಳಾಕ ಆಗಂಗಿಲ್ಲಂತ. ನರ್ಸಮ್ಮಗೋಳು ಮಾತಾಡಾಕತ್ತಿದ್ರು. ನಿಮ್ಮಣ್ಣಗ ಕೇಳು, ಅವನಿಗೆ ಗೊತ್ತೈತಿ."

ನಾನು ಕೇಳಲಿಲ್ಲ. ಅಣ್ಣ ಬಚ್ಚಿಟ್ಟಿದ್ದರೆ ನನ್ನ ಧೈರ್ಯಕ್ಕಾಗಿ ಬಚ್ಚಿಟ್ಟಿರುತ್ತಾನೆ ಎಂದುಕೊಂಡೆ. ಆಸ್ಪತ್ರೆಯ ಅಷ್ಟೂ ದಿನ ನಾನು ಊರಿಕೊಂಡಿದ್ದ ಒಂದೇ ನೆಲ ಅವನು. ಅದನ್ನು ನಾನೇ ಅಗೆದು ನೋಡಲು ಮನಸ್ಸಾಗಲಿಲ್ಲ.

ಖಾಜಾಬಿಯದು ಮೊದಲು ಆಯಿತು. ಗಟ್ಟಿಮುಟ್ಟಾಗಿ, ಎಲ್ಲರಿಗೂ ಸಲಾಮು ಹೇಳಿ ಹೋದಳು. ಬಲು ಬೇಗ ಹೊರಗೆ ತಂದರು. ಗಂಟು ಶ್ವಾಸಕೋಶಕ್ಕೂ ರಕ್ತನಾಳಕ್ಕೂ ಹತ್ತಿಕೊಂಡಿತ್ತಂತೆ; ತೆರೆದು ನೋಡಿ, ಹಾಗೆಯೇ ಮುಚ್ಚಿ ಹೊಲಿದಿದ್ದರು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಐದು ದಿನದ ಮೇಲೆ ನನ್ನದು. ಎಚ್ಚರವಾದಾಗ ಎದೆಯ ನಡುವೆ ಬೆಂಕಿ. ಮೊದಲೆರಡು ದಿನ ಹೇಗೋ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ, ವಾರ್ಡಿನಲ್ಲಿ ಬಿಸಿಲು ತುಂಬಿದ್ದಾಗ, ಉಸಿರು ಚಿಕ್ಕದಾಗತೊಡಗಿತು. ನೋವಿರಲಿಲ್ಲ. ಎದೆ ಮೇಲೇಳುವುದನ್ನು ಮರೆಯುತ್ತಿತ್ತು, ಅಷ್ಟೇ. ಉಗುಳು ಗಂಟಲಲ್ಲಿ ತುಂಬಿತು, ನುಂಗಲಾಗಲಿಲ್ಲ. ಕೂಗೋಣವೆಂದರೆ ಕೂಗಲು ಗಾಳಿ ಬೇಕು. ರೆಪ್ಪೆ ಮುಚ್ಚಿದ್ದರಿಂದ ನಾನು ನಿದ್ದೆ ಮಾಡುತ್ತಿದ್ದೇನೆಂದು ಎಲ್ಲರೂ ತಿಳಿದಿರಬೇಕು. ನನಗೆ ಎಲ್ಲವೂ ಕೇಳಿಸುತ್ತಿತ್ತು.

ಗುರುತಿಸಿದವನು ಅಣ್ಣ. ಅವನು ಓಡಿ ಹೋಗಿ ಡಾಕ್ಟರನ್ನು ಕರೆತಂದ. ನರ್ಸಮ್ಮ ನಳಿಗೆ ಹಾಕಿ ಗಂಟಲಿನ ಉಗುಳನ್ನು ಹೀರಿ ತೆಗೆದಳು. ಡಾಕ್ಟರು ಸೂಜಿಯ ಮೇಲೆ ಸೂಜಿ ಕೊಟ್ಟರು. ಮುಖಕ್ಕೆ ರಬ್ಬರಿನ ಮುಸುಕು ಒತ್ತಿ, ಚೀಲ ಹಿಸುಕಿ ಹಿಸುಕಿ ನನ್ನೊಳಗೆ ಗಾಳಿ ತುಂಬಿದರು. ಸಂಜೆಯತನಕ ಸರದಿಯ ಮೇಲೆ ಹಿಸುಕಿದರು. ಅಣ್ಣ ನನ್ನ ಪಾದ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದ: "ಎಳಿ ತಂಗಿ. ಇನ್ನೊಂದು. ಎಳಿ." ಆ ದನಿಯಲ್ಲಿ ಸುಳ್ಳಿರಲಿಲ್ಲ. ಇಂದಿಗೂ ನಾನು ಹಾಗೆಯೇ ಹೇಳುತ್ತೇನೆ.

ಆರೇಳು ದಿನಗಳಲ್ಲಿ ಗಂಜಿ ಇಳಿಯತೊಡಗಿತು. ಡಾಕ್ಟರು ನಗುತ್ತ ಮಾತಾಡಿಸಿದರು. ಆಗ ಅಣ್ಣ, ಕಚೇರಿಯಿಂದ ಕರೆ ಬಂದಿದೆ, ಎಂಟು ದಿನದಲ್ಲಿ ಬರುತ್ತೇನೆ ಎಂದು ಊರಿಗೆ ಹೋದ. ಹೇಳಿದ ಹಾಗೆಯೇ ಬಂದ. ಬರುವಾಗ ಒಂದು ಡಬ್ಬಿಯಲ್ಲಿ ಬುಂದಿ ಉಂಡಿ ತಂದಿದ್ದ. ಪುಡಿ ಮಾಡಿ, ಹಾಲಲ್ಲಿ ಕಲಸಿ, ಚಮಚದಲ್ಲಿ ತಾನೇ ತಿನ್ನಿಸಿದ. ಆಪರೇಶನ್ ಆದ ಮೇಲೆ ನಾನು ತಿಂದ ಮೊದಲ ಸಿಹಿ ಅದು. ಗಂಟಲಲ್ಲಿ ನಿಲ್ಲದೆ ಇಳಿಯಿತು.

"ಯಾರ ಮನ್ಯಾಗ ಮಾಡಿದ್ರು?" ಎಂದು ಕೇಳಿದೆ.

"ಊರಾಗ ಒಂದ್ ಕಾರ್ಯ ಇತ್ತು," ಎಂದ.

ಖಾಜಾಬಿ ಆ ವಾರವೇ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಮುಖ ಬಾತು ಕಣ್ಣು ಕಾಣುತ್ತಿರಲಿಲ್ಲ. ನಾನು ಅವಳ ಮಂಚದ ಹತ್ತಿರ ಕೂತು ತಲೆ ಬಾಚಲು ನೋಡಿದೆ. ಹತ್ತು ಸಲ ಬಾಚುವಷ್ಟು ಬಲ ನನ್ನ ಕೈಗೆ ಬಂದಿತ್ತು. ಅವಳು ಹೋದ ಮೇಲೆ ಡಾಕ್ಟರನ್ನು ನನ್ನ ಹರುಕು ಉರ್ದುವಿನಲ್ಲಿ ಕೇಳಿದೆ: ಅವಳು ಗಟ್ಟಿ ಇದ್ದಳು, ನಾನು ಸೋತವಳು; ಅವಳೇಕೆ ಹೋದಳು, ನಾನೇಕೆ ಉಳಿದೆ?

ಅವರು ಸ್ಟೂಲು ಎಳೆದುಕೊಂಡು ಕೂತರು. ನಿನ್ನ ಈ ನಿತ್ರಾಣ ನಿನ್ನನ್ನು ಆಪರೇಶನ್ ಆದ ಮೊದಲ ದಿನಗಳಲ್ಲಿ ಕೊಲ್ಲಬಹುದಿತ್ತು, ಅದನ್ನು ನಿನ್ನ ಅಣ್ಣನಿಗೆ ಮೊದಲೇ ಹೇಳಿದ್ದೆ ಎಂದರು. ಆದರೆ ಗಂಟು ಇನ್ನೂ ಚಿಕ್ಕದಿದ್ದಾಗಲೇ ನಿನ್ನ ರೆಪ್ಪೆ ಬಿತ್ತು. ಬಿದ್ದದ್ದರಿಂದ ನೀನು ಬಂದೆ. ಬಂದದ್ದರಿಂದ ಪೂರ್ತಿ ತೆಗೆಯಲು ಆಯಿತು. ಆ ಪಾಪದ ಹೆಂಗಸಿಗೆ ಅವಳ ಮೈ ಏನೂ ಹೇಳಲೇ ಇಲ್ಲ. ಮೊದಲ ದಿನಗಳನ್ನು ದಾಟಿದೆಯಲ್ಲ, ಇನ್ನು ನಿನ್ನ ನಿತ್ರಾಣ ನಿನ್ನ ಆಯುಷ್ಯ ಕಡಿಮೆ ಮಾಡುತ್ತದೆಂದು ನಾನು ನಂಬುವುದಿಲ್ಲ. ಗುಳಿಗೆ ಮಾತ್ರ ಬಿಡಬೇಡ.

ಅಂದು ಆ ಮಂಚದ ಮೇಲೆ ಕೂತು ನಾನು ನನ್ನ ಮೈಯೊಂದಿಗೆ ರಾಜಿ ಮಾಡಿಕೊಂಡೆ.

ರೈಲು, ಮೋಟಾರು ಇಳಿದು ಲಿಂಗಸುಗೂರಿಗೆ ಬಂದೆವು. ನಾನು ನೇರ ಸಿಂಧನೂರಿಗೆ ಹೋಗಬೇಕು, ಗಿರಿಜೆಯನ್ನು ನೋಡಬೇಕು ಎಂದೆ. ಅಣ್ಣ, "ಎರಡ್ ತಿಂಗಳು ಇಲ್ಲೇ ಸುಧಾರಿಸ್ಕೋ," ಎಂದ. ಅತ್ತಿಗೆ ಕಾಲಿಗೆ ನೀರು ಕೊಟ್ಟಳು, ಆದರೆ ಮುಖ ಕೊಡಲಿಲ್ಲ. ಉಣ್ಣಲು ಕೂತಾಗ ತಾಟು ಮೂರೇ ಇದ್ದವು.

"ಶಿವಗಂಗಿ ಎಲ್ಲಿ?" ಎಂದು ಕೇಳಿದೆ.

ಅತ್ತಿಗೆ ಅಡಿಗೆಮನೆಯೊಳಗೆ ಹೋದಳು. ಅಣ್ಣ ತುತ್ತು ಕೆಳಗಿಟ್ಟ.

"ಸಿಂಧನೂರಾಗ ಅದಾಳ."

"ಸಿಂಧನೂರಾಗ ಯಾರ ಮನ್ಯಾಗ?"

ಅವನು ಹೇಳುವ ಮೊದಲೇ ನನಗೆ ತಿಳಿಯಿತು, ಆದರೂ ಅವನ ಬಾಯಿಂದಲೇ ಬರಲಿ ಎಂದು ಕಾದೆ.

"ನೀ ಉಳಿಯಂಗಿಲ್ಲ ಅಂತ ಡಾಕ್ಟರ್ ಅಂದಿದ್ರು ನೀಲಾ. ನಾ ನಿನ್ನ ಗಂಡಗ ಕಾಗದ ಬರದೆ. ಅವರು ತಿರುಗಿ ಬರದ್ರು, ಕೂಸಿಗೆ ತಾಯಿ ಬೇಕಾಗ್ತಾಳ, ನಿಮ್ಮ ಒಪ್ಪಿಗಿ ಇಲ್ದ ನಾ ಮುಂದ ಹೆಜ್ಜಿ ಇಡಂಗಿಲ್ಲ ಅಂತ. ಯಾರೋ ಪರರು ಬಂದು ಕೂಸಿನ್ನ ಕಾಡಬಾರದು, ನಮ್ಮ ಹುಡುಗಿನ ಆಗಲಿ ಅಂತ ನಾ ಒಪ್ಪಿದೆ."

"ಯಾವಾಗ ಒಪ್ಪಿದಿ?"

"ನಿನ್ನ ಆಪರೇಶನ್ನಿಗೆ ಎರಡು ದಿನ ಮೊದಲು."

"ಲಗ್ನ ಯಾವಾಗ ಆತು?"

ಕೇಳುತ್ತಲೇ ನಾನು ಲೆಕ್ಕ ಹಾಕಿದೆ. ಆ ಎಂಟು ದಿನ. ಡಬ್ಬಿಯಲ್ಲಿ ತಂದ ಉಂಡಿ.

"ಆಗ ನಾ ಗಂಜಿ ಕುಡಿಯಾಕತ್ತಿದ್ದೆ ಅಣ್ಣಾ. ನಕ್ಕೋತ ಮಾತಾಡಾಕತ್ತಿದ್ದೆ. ನಿನಗ ಗೊತ್ತಿತ್ತು."

"ಮುಹೂರ್ತ ಹಿಡದಾಗಿತ್ತು. ಬೀಗರಿಗೆಲ್ಲಾ ಹೇಳಿ ಆಗಿತ್ತು. ಮತ್ತ... ಶಿವಗಂಗಿಗೆ ಇನ್ನೊಂದು ಕಡೆ ಸಿಗ್ತಿರಲಿಲ್ಲ."

ಅತ್ತಿಗೆ ಒಳಗಿನಿಂದಲೇ ಹೇಳಿದಳು: "ನಾನ ಹಟ ಹಿಡದೆ. ಬೈಯೂದಿದ್ರ ನನಗ ಬೈ." ಅವಳ ಮಾತಿನಲ್ಲಿ ನಾಚಿಕೆ ಇತ್ತು, ಪಶ್ಚಾತ್ತಾಪ ಇರಲಿಲ್ಲ. ಅವಳಿಗೆ ಅವಳ ತಂಗಿ, ನನಗೆ ನನ್ನ ಅಣ್ಣ. ಅವಳು ತನ್ನ ತಂಗಿಯ ಕೈ ಬಿಡಲಿಲ್ಲ.

ನಾನು ಬೈಯಲಿಲ್ಲ. ಸಿಟ್ಟಿಗೂ ಉಸಿರು ಬೇಕು. ಮಾತು ಆಗಲೇ ಮೂಗಿಗೆ ಏರಿತ್ತು.

ಮರುದಿನ ಬೆಳಗ್ಗೆ, ಮೈ ಗಟ್ಟಿಯಿರುವ ಹೊತ್ತಿನಲ್ಲಿ, ಸಿಂಧನೂರಿಗೆ ಹೊರಟೆ. ಅಣ್ಣ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ಬಂಡಿಯಲ್ಲಿ ಹೋಗಿ, ರಾತ್ರಿ ಮಸ್ಕಿಯಲ್ಲಿ ಉಳಿದು, ಮರುದಿನ ಬೆಳಗ್ಗೆ ಮುಟ್ಟಿದೆ. ಬಾಗಿಲು ತೆರೆದವಳು ಶಿವಗಂಗಿ. ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಕ್ಕಾ, ನೀ ಹೋಗಿಬಿಟ್ಟಿ ಅಂತ ತಿಳಿದು ಒಪ್ಪಿದ್ದೆ," ಎಂದಳು. ಅವಳಿಗೂ ಖರೇ ಹೇಳಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದೆ.

ಗಂಡ ಅಂಗಡಿಯಿಂದ ಬಂದರು. ನನ್ನ ಕಣ್ಣುಗಳನ್ನು ನೋಡಿದರು, ಎರಡೂ ತೆರೆದಿದ್ದವು. ಅವರೇ ದೃಷ್ಟಿ ಕೆಳಗಿಳಿಸಿದರು.

"ಈ ಮನಿ ನಿಂದೂ ಐತಿ ನೀಲಮ್ಮ. ಮ್ಯಾಲಿನ ಕೋಣಿ ಖಾಲಿ ಐತಿ, ಇದ್ದುಬಿಡು."

"ಗಿರಿಜಾನ್ನ ಕರ್ಕೊಂಡ್ ಹೋಗಾಕ ಬಂದೀನ್ರಿ," ಎಂದೆ.

ಅತ್ತೆ ನಡುವೆ ಬಂದರು. "ಕೂಸಿನ್ನ ಎತ್ಕೊಳ್ಳಾಕ ನಿನ್ನ ಕೈಯಾಗ ಬಲ ಐತೇನು?"

ಇರಲಿಲ್ಲ. ಎದೆಯೆಲುಬು ಇನ್ನೂ ಕೂಡಿಕೊಂಡಿರಲಿಲ್ಲ. ಗಿರಿಜೆ ಶಿವಗಂಗಿಯ ಸೆರಗಿನ ಹಿಂದೆ ನಿಂತು ನನ್ನನ್ನು ಹೊಸಬಳನ್ನು ನೋಡುವಂತೆ ನೋಡುತ್ತಿದ್ದಳು. ನಾನು ಪಡಸಾಲೆಯಲ್ಲಿ ನೆಲದ ಮೇಲೆ ಕೂತೆ. ಕರೆಯಲಿಲ್ಲ, ಕೈ ಚಾಚಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಮೆಲ್ಲಗೆ ಬಂದು ನನ್ನ ರವಿಕೆಯ ಮೇಲೆ ಕಾಣುತ್ತಿದ್ದ ಹೊಲಿಗೆಯ ಗಾಯದ ತುದಿಯನ್ನು ಮುಟ್ಟಿದಳು.

"ಏನ್ ಇದು?"

"ಡಾಕ್ಟರ್ ಹೊಲದಾರವ್ವ."

"ಬ್ಯಾನಿ ಆಗ್ತೈತೇನು?"

"ಆಗ್ತೈತಿ. ನೀ ನನ್ನ ಸಂಗಾಟ ನಡಕೊಂತ ಬರ್ತೀಯೇನು? ನನಗ ಎತ್ಕೊಳ್ಳಾಕ ಬರಂಗಿಲ್ಲ."

ಅವಳು ಅಜ್ಜಿಯನ್ನು ನೋಡಿದಳು, ಶಿವಗಂಗಿಯನ್ನು ನೋಡಿದಳು. ಶಿವಗಂಗಿ ಒಳಗೆ ಹೋಗಿ ಅವಳ ಅಂಗಿಗಳನ್ನು ಗಂಟು ಕಟ್ಟಿ ತಂದು ನನ್ನ ಮುಂದಿಟ್ಟಳು. ಗಂಡ ತಡೆಯಲಿಲ್ಲ. ಆ ಮನೆಯಲ್ಲಿ ಅಂದು ನನ್ನ ಪರವಾಗಿ ನಿಂತವಳು ನನ್ನ ಜಾಗಕ್ಕೆ ಬಂದವಳೊಬ್ಬಳೇ.

ಮಸ್ಕಿಯ ಅಪ್ಪನ ಮನೆಯ ಬೀಗ ತೆಗೆಸಿ ನಾವಿಬ್ಬರೂ ಅಲ್ಲಿದ್ದೇವೆ. ಸಾಲೆಯಲ್ಲಿ ಎಲ್ಲಾ ಉರ್ದು. ಕನ್ನಡ ಕಲಿಯಲು ಓಣಿಯ ಹೆಣ್ಣುಮಕ್ಕಳು ಬೆಳಗ್ಗೆ ನನ್ನ ಪಡಸಾಲೆಗೆ ಬರುತ್ತಾರೆ. ಹೊತ್ತು ನೆತ್ತಿಗೇರುವ ಮೊದಲೇ ಕಳಿಸಿಬಿಡುತ್ತೇನೆ. ಮಧ್ಯಾಹ್ನ ಮಲಗುತ್ತೇನೆ. ರೊಟ್ಟಿ ಬೆಳಗ್ಗೆಯೇ ಮಾಡಿಡುತ್ತೇನೆ, ಸಂಜೆಗೆ ಹಾಲಲ್ಲಿ ನೆನೆಸಿ ತಿನ್ನುತ್ತೇನೆ. ಹೀಗೆ ಬದುಕಲು ಬರುತ್ತದೆ. ಮೈ ಸೋಲುವ ಹೊತ್ತು ಗೊತ್ತಿದ್ದರೆ ಅದಕ್ಕೆ ಮೊದಲೇ ಕೆಲಸ ಮುಗಿಸಿಕೊಳ್ಳಬಹುದು. ನನ್ನ ಹಾಗೆ ಯಾರೂ ನಂಬದ ಬೇನೆಯುಳ್ಳವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಬೇನೆ ಯಾವ ಹೊತ್ತಿಗೆ ಕಾಣುತ್ತದೆಯೋ ಆ ಹೊತ್ತಿಗೇ ಡಾಕ್ಟರ ಮುಂದೆ ಹೋಗಿ ನಿಲ್ಲಿ.

ಗುಳಿಗೆ ಹೈದರಾಬಾದಿನಿಂದಲೇ ಬರಬೇಕು. ಅದಕ್ಕೆ ಆಸ್ಪತ್ರೆಗೆ ಉರ್ದುವಿನಲ್ಲಿ ಅರ್ಜಿ ಬರೆಯಬೇಕು, ಅಂಚೆಯಲ್ಲಿ ಬಂದದ್ದನ್ನು ಲಿಂಗಸುಗೂರಿನಲ್ಲಿ ಬಿಡಿಸಿಕೊಳ್ಳಬೇಕು. ಅದನ್ನು ಮಾಡುವವನು ಅಣ್ಣ. ತಿಂಗಳಿಗೊಮ್ಮೆ ಶೀಶೆ ಹಿಡಿದು ಬರುತ್ತಾನೆ. ಒಂದು ತಿಂಗಳೂ ತಪ್ಪಿಸಿಲ್ಲ. ನಾನು ನೀರು ಕೊಡುತ್ತೇನೆ, ಅವನು ಗಿರಿಜೆಯನ್ನು ಮಾತಾಡಿಸುತ್ತಾನೆ, ಹೋಗುತ್ತಾನೆ. ನನ್ನನ್ನು ಬಿಟ್ಟುಕೊಟ್ಟ ಕೈಯಿಂದಲೇ ನಾನು ಉಸಿರು ಈಸಿಕೊಳ್ಳಬೇಕು. ಇದಕ್ಕಿಂತ ಕಷ್ಟದ ಪಥ್ಯ ನನಗೆ ಯಾರೂ ಹೇಳಿಲ್ಲ.

ಹೋದ ತಿಂಗಳು ಅವನು ನೀರು ಕುಡಿದ ಮೇಲೂ ಏಳಲಿಲ್ಲ.

"ನೀಲಾ, ನನ್ನ ಮ್ಯಾಗಿನ ಸಿಟ್ಟು ಹೋತೇನು?"

ನಾನು ಯೋಚಿಸಿ ಹೇಳಿದೆ. "ನೀ ಇಲ್ಲದಿದ್ರ ನಾ ಉಳಿತಿರಲಿಲ್ಲ. ನಾ ಉಳಿತೀನಂತ ನೀ ನಂಬಲಿಲ್ಲ, ಉಳಿದ ಮ್ಯಾಲೂ ಆ ಲಗ್ನ ನಿಲ್ಲಿಸಲಿಲ್ಲ. ಇವೆಲ್ಲಾ ಖರೇನ ಅಣ್ಣಾ. ಒಂದು ಇನ್ನೊಂದನ್ನ ಅಳಸಂಗಿಲ್ಲ."

ಅವನು ತಲೆಯಾಡಿಸಿದ. ಹೊರಗೆ ಹೊತ್ತು ಇಳಿಯುತ್ತಿತ್ತು. ನಾನು ಶೀಶೆಯಿಂದ ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅದು ಸರಿಯಾಗಿ ಇಳಿಯುವತನಕ ಅವನು ನನ್ನ ಗಂಟಲನ್ನೇ ನೋಡುತ್ತ ಕೂತಿದ್ದ. ಇಳಿದದ್ದನ್ನು ಕಂಡು, ರುಮಾಲು ಸುತ್ತಿಕೊಂಡು ಎದ್ದು ಹೋದ.